ಸಿಗರೇಟು ಬಿಡಲು ಗಟ್ಟಿ ಮನಸ್ಸೊಂದೇ ಸಾಕೇ? ಬಿಟ್ಟವರ ಜೊತೆ ಸೇರಿದರೆ ಏನು ಬದಲಾಗುತ್ತದೆ?

“ಮನಸ್ಸು ಮಾಡಿದರೆ ಇವತ್ತೇ ಬಿಡಬಹುದು, ನಿನಗೆ ಮನಸ್ಸಿಲ್ಲ ಅಷ್ಟೇ.” ಸಿಗರೇಟು ಬಿಡಲು ಒದ್ದಾಡುತ್ತಿರುವವರು ಮನೆಯಲ್ಲೂ ಆಫೀಸಿನಲ್ಲೂ ಪದೇಪದೇ ಕೇಳಿಸಿಕೊಳ್ಳುವ ಮಾತಿದು. ಹೇಳುವವರು ಒಳ್ಳೆಯ ಉದ್ದೇಶದಿಂದಲೇ ಹೇಳುತ್ತಾರೆ. ಆದರೆ ಮಾತು ನಿಜವೇ?

ಮನಸ್ಸಿಗೇನೂ ಕೊರತೆಯಿಲ್ಲ. 2016–17ರಲ್ಲಿ ದೇಶದಾದ್ಯಂತ ವಯಸ್ಕರ ನಡುವೆ ತಂಬಾಕು ಸಮೀಕ್ಷೆ ನಡೆಯಿತು. ಹೊಗೆ ಸೇದುವವರಲ್ಲಿ ಶೇ. 38.5ರಷ್ಟು ಜನ ಅದರ ಹಿಂದಿನ ಒಂದು ವರ್ಷದಲ್ಲಿ ಬಿಡಲು ಪ್ರಯತ್ನ ಮಾಡಿದ್ದರು. ಶೇ. 55ರಷ್ಟು ಜನ ಬಿಡುವ ಯೋಚನೆಯಲ್ಲಿದ್ದರು. ಸೋಲುವುದು ಅದರ ನಂತರ. ಯಾವ ನೆರವೂ ಇಲ್ಲದೆ ಬಿಡಲು ಹೊರಟ 100 ಜನರಲ್ಲಿ ಆರು ತಿಂಗಳಿಂದ ಒಂದು ವರ್ಷದ ಹೊತ್ತಿಗೆ ಸೇದದೆ ಉಳಿಯುವವರು ಸುಮಾರು 3ರಿಂದ 5 ಜನ ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಉಳಿದ 95 ಜನರಿಗೂ ಮನಸ್ಸು ಗಟ್ಟಿಯಿರಲಿಲ್ಲ ಎನ್ನುವುದು ಸುಲಭದ ಉತ್ತರ, ಸರಿಯಾದ ಉತ್ತರವಲ್ಲ.

ಹಾಗಾದರೆ ಜೊತೆಯಲ್ಲಿ ಬಿಡುವವರು, ಈಗಾಗಲೇ ಬಿಟ್ಟವರು ಹುರಿದುಂಬಿಸಿದರೆ ಏನಾದರೂ ಪ್ರಯೋಜನ ಇದೆಯೇ? ಅಥವಾ ಅದೂ ಬರೀ ಸಮಾಧಾನದ ಮಾತೇ? ಮೈಸೂರನ್ನೇ ಕಣ್ಣ ಮುಂದಿಟ್ಟುಕೊಂಡು ನೋಡೋಣ.

ಮೊದಲು: ತಲೆಯೊಳಗೆ ಏನಾಗುತ್ತದೆ?

ಒಂದು ದಮ್ಮು ಎಳೆದರೆ ಹೊಗೆಯಲ್ಲಿರುವ ನಿಕೋಟಿನ್ ಶ್ವಾಸಕೋಶದಿಂದ ರಕ್ತಕ್ಕೆ ಸೇರಿ 10ರಿಂದ 20 ಸೆಕೆಂಡಿನಲ್ಲಿ ಮಿದುಳು ತಲುಪುತ್ತದೆ. ಅಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಹಿತವೆನಿಸುತ್ತದೆ. ಆದರೆ ಆ ನಿಕೋಟಿನ್ ಹೆಚ್ಚು ಹೊತ್ತು ಉಳಿಯುವುದಿಲ್ಲ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಆಗ ಚಡಪಡಿಕೆ, ಸಿಡುಕು, ಏಕಾಗ್ರತೆ ಇಲ್ಲದಿರುವುದು ಶುರು. ಇನ್ನೊಂದು ಹಚ್ಚಿದರೆ ಅದು ನಿಲ್ಲುತ್ತದೆ. “ಸಿಗರೇಟು ಸೇದಿದರೆ ಟೆನ್ಷನ್ ಕಡಿಮೆ” ಎಂದು ಅನ್ನಿಸುವುದು ಇದರಿಂದಲೇ. ಆ ಟೆನ್ಷನ್‌ನಲ್ಲಿ ದೊಡ್ಡ ಪಾಲು ಹಿಂದಿನ ಸಿಗರೇಟು ಹುಟ್ಟಿಸಿದ್ದು.

ಬಿಟ್ಟ ಮೇಲೆ ಈ ಕಷ್ಟ ಮೊದಲ ಎರಡು ಮೂರು ದಿನಗಳಲ್ಲಿ ಹೆಚ್ಚು. ಬಹುತೇಕರಿಗೆ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿದುಹೋಗುತ್ತದೆ. ಬೇಕೇಬೇಕು ಎನ್ನಿಸುವ ಆ ಒಂದೊಂದು ಸೆಳೆತ ಸಾಮಾನ್ಯವಾಗಿ ಕೆಲವೇ ನಿಮಿಷ ಇರುತ್ತದೆ, ಆಮೇಲೆ ತಾನಾಗಿ ತಗ್ಗುತ್ತದೆ. ಈ ಕೆಲವು ನಿಮಿಷ ಎಂಬುದನ್ನು ನೆನಪಿಟ್ಟುಕೊಳ್ಳಿ, ಜೊತೆಗಾರರ ಕೆಲಸ ಇರುವುದೇ ಅಲ್ಲಿ.

ನಿಕೋಟಿನ್ ಜೊತೆಗೆ ಇನ್ನೊಂದು ಹಿಡಿತವೂ ಇದೆ. ಅದೇ ಜಾಗ, ಅದೇ ಹೊತ್ತು, ಅದೇ ಜನ. ಬೆಳಗಿನ ಕಾಫಿ, ಊಟದ ನಂತರದ ಐದು ನಿಮಿಷ, ಸಂಜೆ ಅಗ್ರಹಾರದ ಕಡೆಯೋ ಸರಸ್ವತಿಪುರಂ ಕಡೆಯೋ ಟೀ ಅಂಗಡಿಯ ಮುಂದೆ ಬೈಕ್ ನಿಲ್ಲಿಸಿ ಗೆಳೆಯರ ಜೊತೆ ಹರಟೆ. ವರ್ಷಗಟ್ಟಲೆ ಇವೆಲ್ಲ ಸಿಗರೇಟಿನ ಜೊತೆಗೇ ನಡೆದಿರುವುದರಿಂದ ಆ ಜಾಗಕ್ಕೆ ಹೋದರೆ ಸಾಕು, ಮಿದುಳು ನಿಕೋಟಿನ್‌ಗೆ ಕಾಯುತ್ತದೆ. ರಕ್ತದಲ್ಲಿ ನಿಕೋಟಿನ್ ಪೂರ್ತಿ ಖಾಲಿಯಾಗಿ ಮೂರು ತಿಂಗಳಾದ ಮೇಲೂ ದಸರಾ ರಜೆಗೆ ಬಂದ ಹಳೆಯ ಗೆಳೆಯನನ್ನು ಕಂಡ ತಕ್ಷಣ ಕೈ ಜೇಬಿಗೆ ಹೋಗುವುದು ಇದಕ್ಕೇ. ಬಿಡಿಬಿಡಿಯಾಗಿ ಸಿಗರೇಟು ಮಾರುವುದನ್ನು ಕರ್ನಾಟಕ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಆದರೂ “ಒಂದೇ ಒಂದು” ಸಿಗುವುದೇನೂ ಕಷ್ಟವಿಲ್ಲ.

ಚಟ ಗುಂಪಿನಲ್ಲಿ ಹಬ್ಬುತ್ತದೆ, ಬಿಡುವುದೂ ಹಾಗೆಯೇ

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಹೃದಯದ ಕಾಯಿಲೆಗಳನ್ನು ಅರಿಯಲು ಜನರನ್ನು ದಶಕಗಳ ಕಾಲ ಹಿಂಬಾಲಿಸಿದ ದೊಡ್ಡ ಅಧ್ಯಯನ ನಡೆಯಿತು. ಅದರಲ್ಲಿ ಯಾರು ಯಾರ ಗೆಳೆಯ, ಯಾರು ಯಾರ ಸಂಬಂಧಿ ಎಂಬ ಮಾಹಿತಿಯೂ ಇತ್ತು. ನಿಕೊಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ 1971ರಿಂದ 2003ರವರೆಗಿನ 12,067 ಜನರ ಮಾಹಿತಿಯನ್ನು ಜಾಲಾಡಿ 2008ರಲ್ಲಿ ಒಂದು ವರದಿ ಪ್ರಕಟಿಸಿದರು. ಗಂಡ ಅಥವಾ ಹೆಂಡತಿ ಸಿಗರೇಟು ಬಿಟ್ಟರೆ ಇನ್ನೊಬ್ಬರು ಸೇದುವ ಸಾಧ್ಯತೆ ಶೇ. 67ರಷ್ಟು ಇಳಿಯುತ್ತಿತ್ತು. ಗೆಳೆಯ ಬಿಟ್ಟರೆ ಶೇ. 36, ಸಣ್ಣ ಸಂಸ್ಥೆಯ ಸಹೋದ್ಯೋಗಿ ಬಿಟ್ಟರೆ ಶೇ. 34, ಒಡಹುಟ್ಟಿದವರು ಬಿಟ್ಟರೆ ಶೇ. 25. ಜನ ಒಬ್ಬೊಬ್ಬರಾಗಿ ಅಲ್ಲ, ಗುಂಪು ಗುಂಪಾಗಿ ಬಿಟ್ಟಿದ್ದರು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಒಂದೇ ಸ್ವಭಾವದವರು ಗೆಳೆಯರಾಗುತ್ತಾರೆ. ಸಿಗರೇಟಿನ ಬೆಲೆ ಏರಿದರೆ ಎಲ್ಲರಿಗೂ ಒಟ್ಟಿಗೇ ಬಿಸಿ ತಟ್ಟುತ್ತದೆ. ಹಾಗಾಗಿ ಈ ಅಂಕಿಗಳೆಲ್ಲ ಗೆಳೆತನದ ಪ್ರಭಾವವೇ ಎಂದು ಹೇಳಲಾಗದು. ಪ್ರಭಾವ ಎಷ್ಟು ಎಂದು ತಿಳಿಯಲು ಪ್ರಯೋಗವೇ ಆಗಬೇಕು.

ಅಂಥ ಪ್ರಯೋಗ ನಮ್ಮ ದೇಶದಲ್ಲೇ ನಡೆದಿದೆ. ಬಿಹಾರದ 72 ಸರ್ಕಾರಿ ಶಾಲೆಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿನ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರು ಮತ್ತು ಮುಂದಾಳು ಶಿಕ್ಷಕರೊಬ್ಬರು ಸೇರಿ ತಂಬಾಕು ಬಿಡುವ ಬಗ್ಗೆ ಸಹೋದ್ಯೋಗಿಗಳ ಜೊತೆ ಮಾತುಕತೆ ನಡೆಸಿದರು, ಶಾಲೆಯನ್ನು ತಂಬಾಕುಮುಕ್ತ ಮಾಡುವ ನಿಯಮ ತಂದರು. ಇನ್ನೊಂದು ಗುಂಪಿನ ಶಾಲೆಗಳಿಗೆ ಆ ಕಾರ್ಯಕ್ರಮ ಆಗ ಸಿಗಲಿಲ್ಲ. ಕಾರ್ಯಕ್ರಮ ಮುಗಿದು ಒಂಬತ್ತು ತಿಂಗಳಾದ ಮೇಲೆ, ಆರು ತಿಂಗಳಿಂದ ತಂಬಾಕು ಮುಟ್ಟದ ಶಿಕ್ಷಕರು ಮೊದಲ ಗುಂಪಿನಲ್ಲಿ ಶೇ. 19, ಎರಡನೆಯದರಲ್ಲಿ ಶೇ. 7. ಸ್ಟಾಫ್ ರೂಮಿನಲ್ಲಿ ದಿನವೂ ಮುಖ ನೋಡುವವರು ಒಟ್ಟಿಗೆ ಬಿಡಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಬೇರೆ ದೇಶಗಳ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ಕೊಕ್ರೇನ್ ಎಂಬ ಸಂಸ್ಥೆ 2017ರಲ್ಲಿ ಪರಿಶೀಲಿಸಿತು. ಪುಸ್ತಕ, ಕರಪತ್ರ ಓದಿಕೊಂಡು ತಾವೇ ಬಿಡಲು ಹೊರಟವರಿಗಿಂತ, ತರಬೇತಾದವರು ನಡೆಸುವ ಗುಂಪಿಗೆ ಸೇರಿದವರು ಯಶಸ್ವಿಯಾಗುವ ಸಾಧ್ಯತೆ ಒಂದೂವರೆಯಿಂದ ಎರಡು ಪಟ್ಟು ಹೆಚ್ಚು ಎಂದು ಕಂಡುಬಂತು. ಇದು ಜಾದೂ ಅಲ್ಲ. ನೂರಕ್ಕೆ ಐದು ಇದ್ದದ್ದು ಒಂಬತ್ತು ಹತ್ತು ಆಗಬಹುದು. ಆದರೆ ಆ ಹೆಚ್ಚುವರಿ ನಾಲ್ಕೈದು ಜನರಿಗೆ ಅದು ಬದುಕಿನ ಪ್ರಶ್ನೆ.

ಮನೆಯವರು ಹೇಳಿದರೆ ಯಾಕೆ ಆಗುವುದಿಲ್ಲ?

ಇದು ಆಶ್ಚರ್ಯದ ಸಂಗತಿ. ಗಂಡ, ಹೆಂಡತಿ, ಗೆಳೆಯರಿಗೆ “ಹೀಗೆ ಬೆಂಬಲ ಕೊಡಿ” ಎಂದು ಹೇಳಿಕೊಟ್ಟ 14 ಪ್ರಯೋಗಗಳನ್ನು 2018ರಲ್ಲಿ ಅದೇ ಸಂಸ್ಥೆ ಪರಿಶೀಲಿಸಿದಾಗ, ಸಿಗರೇಟು ಬಿಟ್ಟವರ ಸಂಖ್ಯೆಯಲ್ಲಿ ಹೆಚ್ಚಳ ಕಾಣಲಿಲ್ಲ. ಹೇಳಿಕೊಟ್ಟ ಮಾತ್ರಕ್ಕೆ ಬೆಂಬಲವೇ ಹೆಚ್ಚಾಗಿರಲಿಲ್ಲ ಎಂಬುದು ಒಂದು ಕಾರಣ.

ಮನೆಯವರ ಪ್ರೀತಿಯಲ್ಲಿ ದೋಷವಿಲ್ಲ. ಆದರೆ ಅದು ಎಷ್ಟೋ ಸಲ ಕಾವಲಾಗಿಬಿಡುತ್ತದೆ. ಅಂಗಿಯ ವಾಸನೆ ನೋಡುವುದು, ಲೆಕ್ಕ ಕೇಳುವುದು, ಮಕ್ಕಳ ಮೇಲೆ ಆಣೆ ಹಾಕಿಸುವುದು. ಒಂದು ದಿನ ಜಾರಿದರೆ “ನನಗೆ ಗೊತ್ತಿತ್ತು” ಎನ್ನುವುದು. ಆಗ ಮನುಷ್ಯ ಸಿಗರೇಟು ಬಿಡುವುದಿಲ್ಲ, ಬಚ್ಚಿಡುವುದನ್ನು ಕಲಿಯುತ್ತಾನೆ. ಬಿಟ್ಟಿರುವವರ ಮುಂದೆ ಬಚ್ಚಿಡುವ ಅಗತ್ಯವಿಲ್ಲ. ಅವರೂ ಅದೇ ಸುಳ್ಳುಗಳನ್ನು ಹೇಳಿ ಬಂದವರು.

ಮನೆಯವರು ಏನೂ ಮಾಡಬಾರದು ಎಂದಲ್ಲ. ಮನೆಯೊಳಗೆ ಯಾರೂ ಸೇದಬಾರದು ಎಂಬ ನಿಯಮ, ಮೊದಲ ವಾರದ ಸಿಡುಕನ್ನು ಸಹಿಸಿಕೊಳ್ಳುವುದು, ಕಳೆದ ದಿನಗಳನ್ನು ಮೆಚ್ಚುವುದು, ಇವೆಲ್ಲ ನೆರವಾಗುತ್ತವೆ. ಪತ್ತೇದಾರಿಕೆ ನೆರವಾಗುವುದಿಲ್ಲ.

ಬಿಟ್ಟವರಿಗೆ ಮಾತ್ರ ಗೊತ್ತಿರುವ ಸಂಗತಿಗಳು

“ನಿನ್ನಿಂದ ಆಗುತ್ತೆ” ಎನ್ನುವುದಕ್ಕಿಂತ “ಮೂರನೇ ದಿನ ನನಗೂ ಹೀಗೇ ಆಗಿತ್ತು, ನಾಲ್ಕನೇ ವಾರಕ್ಕೆ ಹೋಯಿತು” ಎನ್ನುವುದು ಹೆಚ್ಚು ಕೆಲಸ ಮಾಡುತ್ತದೆ. ಯಾಕೆಂದರೆ ಬಿಡುವಾಗ ಆಗುವ ಎಷ್ಟೋ ಬದಲಾವಣೆಗಳು ಹೊಸಬರನ್ನು ಹೆದರಿಸುತ್ತವೆ.

ಕಾಫಿಯನ್ನೇ ನೋಡಿ. ತಂಬಾಕಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕು ಮಾಡುತ್ತವೆ. ಆ ಕಿಣ್ವವೇ ಕಾಫಿಯ ಕೆಫೀನನ್ನು ಕರಗಿಸುವುದು. ಸೇದುವುದನ್ನು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಕಿಣ್ವ ಮಂದವಾಗುತ್ತದೆ, ಅದೇ ಲೋಟದ ಕಾಫಿ ದೇಹದಲ್ಲಿ ಸುಮಾರು ದುಪ್ಪಟ್ಟು ಹೊತ್ತು ನಿಲ್ಲುತ್ತದೆ. ದಿನಕ್ಕೆ ನಾಲ್ಕೈದು ಫಿಲ್ಟರ್ ಕಾಫಿ ಕುಡಿಯುವ ಮೈಸೂರಿನವರಿಗೆ ಆಗ ಕೈ ನಡುಕ, ಎದೆ ಡವಡವ, ನಿದ್ದೆ ಬಾರದಿರುವುದು. “ಸಿಗರೇಟು ಬಿಟ್ಟಿದ್ದು ನನ್ನ ಮೈಗೆ ಒಗ್ಗುತ್ತಿಲ್ಲ” ಎಂದು ಮತ್ತೆ ಹಚ್ಚುತ್ತಾರೆ. ಕಾಫಿಯನ್ನು ಅರ್ಧಕ್ಕೆ ಇಳಿಸಿದ್ದರೆ ಸಾಕಿತ್ತು. ಬೈಟೂ ಕಾಫಿಗೆ ಇದಕ್ಕಿಂತ ಒಳ್ಳೆಯ ಕಾರಣ ಇನ್ನೇನು ಬೇಕು?

ಕೆಮ್ಮು ಇನ್ನೊಂದು. ಬಿಟ್ಟ ಮೇಲೆ ಕೆಲವರಿಗೆ ಕೆಲವು ವಾರ ಕೆಮ್ಮು, ಕಫ ಹೆಚ್ಚಾಗುತ್ತದೆ. ಶ್ವಾಸನಾಳದ ಒಳಗೆ ಕಸ ಗುಡಿಸುವ ಸಣ್ಣ ರೋಮಗಳು ಹೊಗೆಯಿಂದ ಮಂಕಾಗಿದ್ದವು, ಈಗ ಮತ್ತೆ ಕೆಲಸಕ್ಕೆ ಇಳಿದಿವೆ. ಕೆಮ್ಮಿನಲ್ಲಿ ರಕ್ತ ಬಂದರೆ, ಉಬ್ಬಸ ಹೆಚ್ಚಿದರೆ, ವಾರಗಟ್ಟಲೆ ನಿಲ್ಲದಿದ್ದರೆ ಮಾತ್ರ ವೈದ್ಯರಿಗೆ ತೋರಿಸಲೇಬೇಕು.

ತೂಕವೂ ಏರುತ್ತದೆ. ಬಿಟ್ಟ ಒಂದು ವರ್ಷದಲ್ಲಿ ಸರಾಸರಿ 4ರಿಂದ 5 ಕಿಲೋ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಿಗರೇಟು ಬಿಟ್ಟಿದ್ದರಿಂದ ಸಿಗುವ ಲಾಭದ ಮುಂದೆ ಆ ತೂಕದ ಹಾನಿ ತೀರಾ ಚಿಕ್ಕದು.

ಮೈಸೂರಿನಲ್ಲಿ ನಾಲ್ಕೈದು ಜನ ಸೇರಿದರೆ ಹೇಗೆ ಶುರು ಮಾಡಬಹುದು?

ದೊಡ್ಡ ಸಂಘವೇನೂ ಬೇಕಿಲ್ಲ. ಒಂದೇ ಫ್ಯಾಕ್ಟರಿಯವರು, ಒಂದೇ ಆಟೊ ನಿಲ್ದಾಣದವರು, ಒಂದೇ ಹಾಸ್ಟೆಲಿನವರು ನಾಲ್ಕೈದು ಜನ ಸಾಕು. ಬಿಟ್ಟು ಒಂದು ವರ್ಷ ದಾಟಿದವರು ಒಬ್ಬರಾದರೂ ಇದ್ದರೆ ಒಳ್ಳೆಯದು.

ದಿನ ಗೊತ್ತು ಮಾಡಿ. ಎರಡು ವಾರದೊಳಗಿನ ಒಂದು ದಿನ. ದಿನಕ್ಕೊಂದರಂತೆ ಇಳಿಸುತ್ತಾ ಹೋಗುವುದೋ ಒಮ್ಮೆಲೇ ನಿಲ್ಲಿಸುವುದೋ ಎಂಬ ಜಗಳ ಹಳೆಯದು. 2016ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ 697 ಜನರಲ್ಲಿ ಅರ್ಧದಷ್ಟು ಮಂದಿ ಗೊತ್ತಾದ ದಿನ ಒಮ್ಮೆಲೇ ನಿಲ್ಲಿಸಿದರು, ಉಳಿದವರು ಎರಡು ವಾರ ಇಳಿಸುತ್ತಾ ಬಂದು ನಿಲ್ಲಿಸಿದರು. ನಾಲ್ಕು ವಾರದ ನಂತರ ಮೊದಲ ಗುಂಪಿನಲ್ಲಿ ಶೇ. 49, ಎರಡನೆಯದರಲ್ಲಿ ಶೇ. 39 ಜನ ಸೇದದೆ ಉಳಿದಿದ್ದರು.

ಕೂಡುವ ಜಾಗ ಬದಲಿಸಿ. ಗೆಳೆತನ ಬಿಡುವುದಲ್ಲ, ಟೀ ಅಂಗಡಿಯ ಆ ಮೂಲೆಯನ್ನು ಕೆಲವು ವಾರ ಬಿಡುವುದು. ಅದೇ ಸಂಜೆ, ಅದೇ ಜನ, ಕುಕ್ಕರಹಳ್ಳಿ ಕೆರೆಯ ಸುತ್ತ ನಡೆದರೆ ಹರಟೆಗೇನೂ ನಷ್ಟವಿಲ್ಲ. ಚುರುಕಾದ ಸಣ್ಣ ನಡಿಗೆ ಆ ಹೊತ್ತಿನ ಸೆಳೆತವನ್ನೂ ಇಳಿಸುತ್ತದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದರೆ ಶ್ವಾಸದ ವ್ಯತ್ಯಾಸ ತಿಂಗಳಿಂದ ತಿಂಗಳಿಗೆ ಗೊತ್ತಾಗುತ್ತದೆ. ಎದೆನೋವು, ಹೃದಯದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಹತ್ತಬಾರದು.

ಹಚ್ಚುವ ಮೊದಲು ಫೋನ್ ಮಾಡಿ. ಇದೇ ಗುಂಪಿನ ಮುಖ್ಯ ನಿಯಮವಾಗಲಿ. ಫೋನ್ ತೆಗೆದವರು ಉಪದೇಶ ಮಾಡಬೇಕಿಲ್ಲ. ಕ್ರಿಕೆಟ್ ಬಗ್ಗೆ ಮಾತಾಡಿದರೂ ಆಯಿತು, ಐದು ಹತ್ತು ನಿಮಿಷ ಕಳೆದರೆ ಸೆಳೆತ ತಗ್ಗುತ್ತದೆ.

ಕುಡಿಯುವ ಪಾರ್ಟಿಗಳನ್ನು ಮೊದಲ ಕೆಲವು ವಾರ ತಪ್ಪಿಸಿ. ಬಿಟ್ಟವರು ಮತ್ತೆ ಹಚ್ಚುವ ಸಂದರ್ಭಗಳಲ್ಲಿ ಮದ್ಯ ಮುಂಚೂಣಿಯಲ್ಲಿದೆ.

ಇನ್ನೂ ಸೇದುತ್ತಿರುವ ಗೆಳೆಯನನ್ನು ದೂರ ಮಾಡಬೇಡಿ. ಫ್ರೇಮಿಂಗ್‌ಹ್ಯಾಮ್‌ನಲ್ಲಿ ಎಲ್ಲರೂ ಬಿಡುತ್ತಾ ಹೋದಂತೆ ಸೇದುವವರು ಗೆಳೆತನದ ಅಂಚಿಗೆ ಸರಿದಿದ್ದರು. ಅಂಚಿನಲ್ಲಿ ಒಬ್ಬನೇ ಉಳಿದವನಿಗೆ ಬಿಡುವುದು ಇನ್ನೂ ಕಷ್ಟ.

ಗುಂಪು ಇದ್ದರೆ ಔಷಧ ಬೇಡವೇ?

ಬೇಕಾಗಬಹುದು. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ ನಿಕೋಟಿನ್ ಹಿಡಿತ ಗಟ್ಟಿಯಾಗಿರುತ್ತದೆ. ನಿಕೋಟಿನ್ ಗಮ್, ಪ್ಯಾಚ್‌ಗಳು ಬಿಡುವ ಸಾಧ್ಯತೆಯನ್ನು ಶೇ. 50ರಿಂದ 60ರಷ್ಟು ಹೆಚ್ಚಿಸುತ್ತವೆ. ಇವುಗಳಲ್ಲಿ ಹೊಗೆ, ಟಾರ್, ಕಾರ್ಬನ್ ಮಾನಾಕ್ಸೈಡ್ ಇಲ್ಲ. ಗಮ್ಮನ್ನು ಚೂಯಿಂಗ್ ಗಮ್ಮಿನಂತೆ ಒಂದೇ ಸಮನೆ ಜಗಿಯಬಾರದು. ನಾಲ್ಕಾರು ಸಲ ಜಗಿದು, ಬಾಯಿ ಚುರುಗುಟ್ಟಿದಾಗ ಕೆನ್ನೆಯ ಒಳಗೆ ಒತ್ತಿ ಇಡಬೇಕು. ಅದಕ್ಕೆ 15 ನಿಮಿಷ ಮೊದಲು ಕಾಫಿ ಕುಡಿದಿರಬಾರದು, ಕಾಫಿಯ ಹುಳಿ ಅಂಶ ನಿಕೋಟಿನ್ ಹೀರುವುದನ್ನು ತಡೆಯುತ್ತದೆ. ವರೆನಿಕ್ಲಿನ್, ಬುಪ್ರೊಪಿಯಾನ್ ಮಾತ್ರೆಗಳೂ ಇವೆ, ಅವಕ್ಕೆ ವೈದ್ಯರ ಚೀಟಿ ಬೇಕು.

ಉಬ್ಬಸಕ್ಕೆ ಥಿಯೋಫಿಲಿನ್, ಮಾನಸಿಕ ಕಾಯಿಲೆಗೆ ಕ್ಲೋಜಪಿನ್ ಅಥವಾ ಒಲಾಂಜಪಿನ್ ತೆಗೆದುಕೊಳ್ಳುವವರು ಬಿಡುವ ಮೊದಲು ವೈದ್ಯರಿಗೆ ತಿಳಿಸಬೇಕು. ಕಾಫಿಯ ವಿಷಯದಲ್ಲಿ ಹೇಳಿದ ಅದೇ ಕಾರಣಕ್ಕೆ ಈ ಔಷಧಗಳ ಪ್ರಮಾಣವೂ ರಕ್ತದಲ್ಲಿ ಏರುತ್ತದೆ, ಡೋಸ್ ಇಳಿಸಬೇಕಾಗಬಹುದು.

ಗುಂಪು ಸಿಗದವರೂ ಇದ್ದಾರೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದೆ ಸೇದುವ ಹೆಣ್ಣುಮಕ್ಕಳು, ರಾತ್ರಿ ಪಾಳಿಯವರು, ಊರಿಗೆ ಹೊಸಬರು. ಇವರಿಗೆ ರಾಷ್ಟ್ರೀಯ ಸಹಾಯವಾಣಿ ಇದೆ: 1800-11-2356. ಉಚಿತ. 2018ರಿಂದ ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದರ ಕೇಂದ್ರವಾಗಿದ್ದು ಕನ್ನಡದಲ್ಲೂ ಮಾತನಾಡಬಹುದು. ಅದೇ ವರ್ಷದಿಂದ ಸಿಗರೇಟು ಪ್ಯಾಕಿನ ಮೇಲೂ ಈ ನಂಬರ್ ಇದೆ. ಮೈಸೂರಿನಲ್ಲಿ ದೊಡ್ಡ ಆಸ್ಪತ್ರೆಗಳ ಶ್ವಾಸಕೋಶ ಅಥವಾ ಮನೋವೈದ್ಯ ವಿಭಾಗದಲ್ಲಿ, ದಂತ ವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಿದರೆ ತಂಬಾಕು ಬಿಡಿಸುವ ಸಲಹೆ ಸಿಗುತ್ತದೆ.

ಗುಂಪಿನಲ್ಲಿ ಹರಿದಾಡುವ ಕೆಲವು ನಂಬಿಕೆಗಳು

“ಬೀಡಿ ನೈಸರ್ಗಿಕ, ಅಷ್ಟು ಕೆಟ್ಟದ್ದಲ್ಲ.” ತಪ್ಪು. ಬೀಡಿಯ ಎಲೆಯಲ್ಲಿ ಗಾಳಿಯಾಡುವುದಿಲ್ಲ, ಆರದಂತೆ ಜೋರಾಗಿ ಮತ್ತೆ ಮತ್ತೆ ಎಳೆಯಬೇಕು. ಟಾರ್, ಕಾರ್ಬನ್ ಮಾನಾಕ್ಸೈಡ್ ಸಿಗರೇಟಿಗಿಂತ ಹೆಚ್ಚೇ ಒಳಗೆ ಹೋಗುತ್ತದೆ.

“ಸಿಗರೇಟು ಬಿಟ್ಟೆ, ಈಗ ಬರೀ ಕಡ್ಡಿಪುಡಿ.” ಇದು ಬಿಟ್ಟದ್ದಲ್ಲ, ಬದಲಿಸಿದ್ದು. ನಿಕೋಟಿನ್ ಚಟ ಹಾಗೇ ಉಳಿಯುತ್ತದೆ, ಬಾಯಿ ಕ್ಯಾನ್ಸರಿನ ಅಪಾಯ ಸೇರಿಕೊಳ್ಳುತ್ತದೆ.

“ದಿನಕ್ಕೆ ಒಂದೇ, ಏನಾಗುತ್ತೆ?” ದಿನಕ್ಕೆ 20 ಸೇದುವವರಿಗೆ ಹೃದಯದ ಕಾಯಿಲೆಯ ಅಪಾಯ ಎಷ್ಟು ಹೆಚ್ಚುತ್ತದೋ, ಅದರ ಅರ್ಧದಷ್ಟು ದಿನಕ್ಕೊಂದು ಸೇದುವವರಿಗೂ ಇದೆ. ಇಪ್ಪತ್ತರಲ್ಲಿ ಒಂದು ಪಾಲು ಅಲ್ಲ.

“ಈ ವಯಸ್ಸಿನಲ್ಲಿ ಬಿಟ್ಟು ಏನು ಪ್ರಯೋಜನ?” ಬ್ರಿಟನ್ನಿನ ವೈದ್ಯರನ್ನು 1951ರಿಂದ 50 ವರ್ಷ ಹಿಂಬಾಲಿಸಿದ ಅಧ್ಯಯನದ ಉತ್ತರ ಇಲ್ಲಿದೆ: ಸೇದುತ್ತಲೇ ಇರುವವರಿಗೆ ಹೋಲಿಸಿದರೆ 60ನೇ ವಯಸ್ಸಿನಲ್ಲಿ ಬಿಟ್ಟವರಿಗೆ ಸುಮಾರು 3 ವರ್ಷ, 50ರಲ್ಲಿ ಬಿಟ್ಟವರಿಗೆ 6, 40ರಲ್ಲಿ 9, 30ರಲ್ಲಿ 10 ವರ್ಷ ಹೆಚ್ಚಿನ ಆಯಸ್ಸು.

ಜಾರಿದ ದಿನ ಏನು ಮಾಡಬೇಕು?

ಗುಂಪಿನ ಬೆಲೆ ಗೊತ್ತಾಗುವುದು ಈ ದಿನವೇ. 40 ದಿನ ಬಿಟ್ಟಿದ್ದವರು ಒಂದು ಮದುವೆ ಮನೆಯಲ್ಲಿ ಒಂದು ಸೇದುತ್ತಾರೆ. ಅದಕ್ಕಿಂತ ಹಾನಿ ಮಾಡುವುದು ಆಮೇಲಿನ ಯೋಚನೆ: “ಎಲ್ಲಾ ಹಾಳಾಯಿತು, ಇನ್ನು ಪ್ಯಾಕೇ ಕೊಳ್ಳೋಣ.” ನಾಚಿಕೆಯಿಂದ ಗೆಳೆಯರ ಫೋನ್ ತೆಗೆಯುವುದನ್ನೂ ನಿಲ್ಲಿಸುತ್ತಾರೆ.

ಕೆನಡಾದ ಒಂಟಾರಿಯೊ ಪ್ರಾಂತ್ಯದ ಸೇದುವವರನ್ನು ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಪೂರ್ತಿ ಬಿಡುವ ಹೊತ್ತಿಗೆ ಒಬ್ಬ ಮನುಷ್ಯ 30 ಅಥವಾ ಅದಕ್ಕಿಂತ ಹೆಚ್ಚು ಸಲ ಪ್ರಯತ್ನ ಮಾಡಿರಬಹುದು. ಅಂದರೆ ಜಾರುವುದು ಬಿಡುವ ದಾರಿಯಲ್ಲೇ ಬರುವ ಸಂಗತಿ. ಹಾಗಾಗಿ ಗುಂಪು ಶುರುವಾದ ದಿನವೇ ಒಂದು ಮಾತು ಗಟ್ಟಿ ಮಾಡಿಕೊಳ್ಳಿ: ಜಾರಿದವರು ಅದೇ ರಾತ್ರಿ ಹೇಳಬೇಕು, ಕೇಳಿದವರು ಬೈಯಬಾರದು. ಎಲ್ಲಿ, ಯಾರ ಜೊತೆ, ಎಷ್ಟು ಹೊತ್ತಿಗೆ ಎಂದಷ್ಟೇ ಕೇಳಿ, ಮುಂದಿನ ಸಲ ಆ ಹೊತ್ತನ್ನು ಹೇಗೆ ದಾಟುವುದೆಂದು ಯೋಚಿಸಿ. ಉಳಿದ ಸಿಗರೇಟು ಎಸೆದು, ಮರುದಿನ ಬೆಳಿಗ್ಗೆ ಕೆರೆ ಏರಿಗೆ ಅವರನ್ನೂ ಕರೆದುಕೊಂಡು ಹೋಗಿ.